ಮುಟ್ಟಿನ ದಿನ, ಅತ್ತೆಯ ಅಡುಗೆ, ನನ್ನ ಹೊಟ್ಟೆ

ನಾನು ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರ್. ಮಳವಳ್ಳಿಯಿಂದ ಮದ್ದೂರು, ಮದ್ದೂರಿನಿಂದ ಮಂಡ್ಯ, ತಿರುಗಿ ಮಳವಳ್ಳಿ. ಕೆಲವು ವಾರ ಕಿರುಗಾವಲು ಕಡೆಯ ಡ್ಯೂಟಿಯೂ ಬೀಳುತ್ತದೆ. ಬಾಯಿ ಸ್ವಲ್ಪ ಜೋರು, ಅದಿಲ್ಲದಿದ್ದರೆ ಈ ಕೆಲಸ ನಡೆಯುವುದಿಲ್ಲ. "ಒಳಗೆ ನಡೀರಿ, ಒಳಗೆ ನಡೀರಿ" ಎಂದು ದಿನವಿಡೀ ಕೂಗುವ ನಾನು ನನ್ನ ಹೊಟ್ಟೆಯ ವಿಷಯ ಬಂದಾಗ ಮಾತ್ರ ವರ್ಷಗಟ್ಟಲೆ ಬಾಯಿ ಮುಚ್ಚಿಕೊಂಡಿದ್ದೆ.

ಕಾಲು ಮುರಿದರೆ ಊರವರೆಲ್ಲ ಬಂದು ನೋಡಿಕೊಂಡು ಹೋಗುತ್ತಾರೆ. ಶುಗರ್ ಬಂದವರು ಮದುವೆ ಮನೆಯಲ್ಲಿ ಕೂತು ಅದರ ಕಥೆ ಹೇಳುತ್ತಾರೆ. ಭೇದಿ ಅಂದರೆ ಮಾತ್ರ ಎಲ್ಲರಿಗೂ ಮುಜುಗರ. ಅದರ ಜೊತೆಗೆ ಮುಟ್ಟಿನ ಮಾತೂ ಸೇರಿದರೆ ಮುಗಿದೇ ಹೋಯಿತು, ಯಾರಿಗೂ ಕೇಳುವುದು ಬೇಡ, ಯಾರಿಗೂ ಹೇಳುವುದು ಬೇಡ. ನನಗೆ ಬಂದ ಕಾಯಿಲೆ ಇವೆರಡನ್ನೂ ಜೊತೆಗೆ ಕರೆದುಕೊಂಡು ಬಂದಿತ್ತು. ಎರಡನ್ನೂ ಬಾಯಿಬಿಟ್ಟು ಹೇಳದೆ ಇದ್ದುದರಿಂದ ನಮ್ಮ ಮನೆ ಎರಡಾಗುವ ಮಟ್ಟಕ್ಕೆ ಹೋಯಿತು. ನನ್ನ ಬಸ್ಸಿನಲ್ಲೇ ಎಷ್ಟೋ ಹೆಂಗಸರು ಹೊಟ್ಟೆ ಹಿಡಿದುಕೊಂಡು, ಯಾವ ಊರು ಎಷ್ಟು ದೂರವಿದೆ ಎಂದು ಕಿಟಕಿಯಲ್ಲಿ ನೋಡುತ್ತಾ ಕೂತಿರುವುದು ಈಗ ನನ್ನ ಕಣ್ಣಿಗೆ ಬೀಳುತ್ತದೆ. ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಮನೆ ಇರುವುದು ಪೂರಿಗಾಲಿ ಕಡೆಯ ಒಂದು ಹಳ್ಳಿಯಲ್ಲಿ. ಗಂಡ ಶಿವರಾಜು, ಒಬ್ಬಳು ಮಗಳು, ಅತ್ತೆ, ನಾನು. ಅತ್ತೆಯ ಹೆಸರು ಪುಟ್ಟತಾಯಮ್ಮ. ಗಟ್ಟಿ ಹೆಂಗಸು. ದನ ಕರು, ಗದ್ದೆ ಎಲ್ಲ ಅವರದೇ ಉಸ್ತುವಾರಿ. ಅಡುಗೆ ನನ್ನದು. ಬೆಳಿಗ್ಗೆ ಡ್ಯೂಟಿಗೆ ಹೊರಡುವ ಮುಂಚೆ ಎರಡು ಹೊತ್ತಿಗಾಗುವಷ್ಟು ಮಾಡಿಟ್ಟು, ಸಂಜೆ ಬಂದು ಮುದ್ದೆ ತಿರುವುತ್ತಿದ್ದೆ. ಮುಟ್ಟಾದ ಮೂರು ದಿನ ಮಾತ್ರ ನಾನು ಅಡುಗೆಮನೆಗೆ ಹೋಗುವ ಹಾಗಿರಲಿಲ್ಲ. ಒಲೆಯ ಪಕ್ಕದಲ್ಲೇ ದೇವರ ಗೂಡು ಇದೆ. ಆ ಮೂರು ದಿನವೂ ಬಸ್ಸಿನಲ್ಲಿ ನೂರಾರು ಜನರ ಕೈಗೆ ಟಿಕೆಟ್ ಕೊಟ್ಟು ಬರುತ್ತಿದ್ದೆ, ಮನೆಗೆ ಬಂದರೆ ಉಪ್ಪಿನ ಡಬ್ಬಿ ಮುಟ್ಟುವಂತಿಲ್ಲ. ಮೊದಮೊದಲು ಇದಕ್ಕೆ ಸಿಟ್ಟು ಬರುತ್ತಿತ್ತು. ಆಮೇಲೆ ಹಾಳಾಗಲಿ, ಮೂರು ದಿನ ಒಲೆಯ ಕಾಟ ತಪ್ಪಿತು ಎಂದು ಸುಮ್ಮನಾದೆ. ಆ ದಿನಗಳಲ್ಲಿ ಅತ್ತೆ ಅಡುಗೆ ಮಾಡುತ್ತಿದ್ದರು.

ಅತ್ತೆಯ ಕೈ ಅಡುಗೆ ಅಂದರೆ ಸುಮ್ಮನೆ ಅಲ್ಲ. ಊರಿನಲ್ಲಿ ಯಾರ ಮನೆಯಲ್ಲಿ ಕಾರ್ಯ ಆದರೂ ಸಾರಿನ ಹದ ನೋಡಲು ಅವರನ್ನು ಕರೆಯುತ್ತಿದ್ದರು. ಅವರು ಬಂದು ಒಂದು ಸೌಟು ಅಂಗೈಗೆ ಬಿಟ್ಟುಕೊಂಡು ನೆಕ್ಕಿ "ಉಳಿ ಒಸಿ ಸಾಲ್ದು" ಎಂದರೆ ಅಡುಗೆಯವರು ಎದುರು ಮಾತಾಡುತ್ತಿರಲಿಲ್ಲ. ಹುರುಳಿಕಾಳಿನ ಬಸ್ಸಾರು ಅವರು ಮಾಡಿದ ಹಾಗೆ ನನಗೆ ಇವತ್ತಿಗೂ ಬರುವುದಿಲ್ಲ.

ಮಗಳು ಹುಟ್ಟಿದ ಮೇಲೆ, ತಿರುಗಿ ಡ್ಯೂಟಿಗೆ ಸೇರಿದ ವರ್ಷ ನನ್ನ ಹೊಟ್ಟೆ ಶುರು ಮಾಡಿಕೊಂಡಿತು. ಕೆಲವು ದಿನ ಹೊಟ್ಟೆ ಉಬ್ಬಿ ಕಲ್ಲಾಗುತ್ತಿತ್ತು. ಹಣದ ಬ್ಯಾಗಿನ ಪಟ್ಟಿ ಸೊಂಟಕ್ಕೆ ಒತ್ತಿದರೂ ತಡೆಯಲಾಗುತ್ತಿರಲಿಲ್ಲ. ಬಹಿರ್ದೆಸೆಗೆ ಕೂತರೆ ಏನೂ ಆಗುತ್ತಿರಲಿಲ್ಲ. ಆಮೇಲೆ ಒಂದು ದಿನ ಇದ್ದಕ್ಕಿದ್ದ ಹಾಗೆ ಕಿಬ್ಬೊಟ್ಟೆಯಲ್ಲಿ ಹಿಂಡಿದಂತಾಗಿ, ಅಷ್ಟು ದಿನ ನಿಂತದ್ದೆಲ್ಲ ಒಂದೇ ಸಲಕ್ಕೆ ಹೊರಡುತ್ತಿತ್ತು. ಒಂದು ಸಲ ಹೋಗಿ ಬಂದರೆ ಮುಗಿಯಿತು ಅನ್ನುವ ಹಾಗಿಲ್ಲ, ಮತ್ತೆ ಮತ್ತೆ ಹೋಗಬೇಕು. ಎರಡು ಮೂರು ದಿನ ಇಷ್ಟೇ ಬಾಳು. ಆಮೇಲೆ ಏನೂ ಆಗದವಳಂತೆ ಚೆನ್ನಾಗಿರುತ್ತಿದ್ದೆ.

ಮನೆಯಲ್ಲಿದ್ದರೆ ಹೇಗೋ ನಡೆಯುತ್ತದೆ. ಬಸ್ಸಿನಲ್ಲಿ ಏನು ಮಾಡುವುದು? ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ನಿಲ್ಲುವುದಕ್ಕೂ ಜಾಗ ಇರುವುದಿಲ್ಲ. ಫ್ರೀ ಆದರೂ ಒಬ್ಬೊಬ್ಬರಿಗೂ ಟಿಕೆಟ್ ಹರಿದು ಕೊಡಲೇಬೇಕು. ಆ ನೂಕಾಟದಲ್ಲಿ ನಿಂತು ಹೊಟ್ಟೆಯನ್ನು ಬಿಗಿಹಿಡಿದುಕೊಂಡು "ಆಧಾರ್ ತೋರ್ಸಿ" ಎನ್ನುವಾಗ ನನ್ನ ಬೆನ್ನಿನ ಮೇಲೆ ತಣ್ಣನೆಯ ಬೆವರು ಇಳಿಯುತ್ತಿತ್ತು.

ನನ್ನ ಡ್ರೈವರ್ ಸಿದ್ದಣ್ಣ ಒಳ್ಳೆಯ ಮನುಷ್ಯ. ನಾನು ಏನೂ ಹೇಳಿರಲಿಲ್ಲ. ಕನ್ನಡಿಯಲ್ಲಿ ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಗಿತ್ತು. ಒಂದು ದಿನ ಮದ್ದೂರು ದಾಟುವ ಮುಂಚೆ, ರಸ್ತೆ ಪಕ್ಕದ ಒಂದು ಮನೆಯ ಎದುರು ಬಸ್ಸನ್ನು ಪಕ್ಕಕ್ಕೆ ತೆಗೆದು ನಿಲ್ಲಿಸಿದರು.

"ಯಾಕಣ್ಣ?" ಎಂದೆ.

"ಇಂದ್ಗಡೆ ಟೈರು ಒಸಿ ಡೌನಾಗದೆ, ನೋಡ್ತೀನಿ. ನೀನೂ ಇಳ್ಕ. ಆ ಮನೆಯೋರು ನಮ್ ಪೈಕಿನೇ, ನೀರ್ ಕೇಳು ಓಗು."

ನಾನು ಓಡಿದೆ. ಆ ಮನೆಯ ಹೆಂಗಸು ಏನೂ ಕೇಳದೆ ಹಿತ್ತಲ ಕಡೆ ಕೈ ತೋರಿಸಿದಳು. ನಾನು ವಾಪಸ್ಸು ಬರುವಾಗ ಸಿದ್ದಣ್ಣ ಇನ್ನೂ ಟೈರಿಗೆ ಒದೆಯುತ್ತಾ ನಿಂತಿದ್ದರು. ಒಳಗಿನಿಂದ ಒಬ್ಬ "ಟೈರ್ ಚೆನ್ನಾಗೇ ಅದಲ್ಲ ಕಣಣ್ಣೋ, ಕೋರ್ಟಿಗೆ ಒತ್ತಾಯ್ತು" ಎಂದು ಕೂಗಿದ. "ನೀನ್ ಡ್ರೈವರ್ರಾ ನಾನ್ ಡ್ರೈವರ್ರಾ? ಸುಮ್ಕೆ ಕೂತ್ಕಳ್ಲಾ" ಎಂದು ಸಿದ್ದಣ್ಣ ಹತ್ತಿ ಗಾಡಿ ಬಿಟ್ಟರು. ಆಮೇಲೆ ಎಷ್ಟೋ ಸಲ ನಮ್ಮ ಬಸ್ಸಿನ ಟೈರು ಅದೇ ಜಾಗದಲ್ಲಿ ಡೌನಾಗಿದೆ. ನಾವಿಬ್ಬರೂ ಆ ಬಗ್ಗೆ ಒಂದು ಮಾತೂ ಆಡಿಲ್ಲ.

ಮಳವಳ್ಳಿಯಲ್ಲಿ ನಮ್ಮ ಮನೆಯವರೆಲ್ಲ ತೋರಿಸುವ ಡಾಕ್ಟರ್ ಒಬ್ಬರಿದ್ದಾರೆ. ಅವರು ಮೊದಲು ಗ್ಯಾಸ್ಟ್ರಿಕ್ ಎಂದರು, ಆಮೇಲೆ ಹುಳದ ಮಾತ್ರೆ ಕೊಟ್ಟರು, ಆಮೇಲೆ ನೀರು ಸರಿಯಿಲ್ಲ, ಅಮೀಬಾ ಎಂದರು. ಅವರ ತಪ್ಪಲ್ಲ. ನಾನು ಹೇಳುತ್ತಿದ್ದುದೇ ಅರ್ಧ. ಗಂಡಸಿನ ಎದುರು ಕೂತು ಮುಟ್ಟು ಗಿಟ್ಟು ಎಂದು ಯಾರು ಹೇಳುತ್ತಾರೆ? "ಹೊಟ್ಟೆ ಕೆಡುತ್ತೆ ಸಾರ್, ಆಗಾಗ" ಎನ್ನುತ್ತಿದ್ದೆ. ಕಾರ ಬಿಡಿ ಎಂದರು, ಬಿಟ್ಟೆ. ಹಾಲು ಬಿಡಿ ಎಂದರು, ಬಿಟ್ಟೆ. ಯಾರೋ ಕಾಳು ಬೇಡ ಎಂದರು, ಅವರೇಕಾಯಿ ಕಾಲದಲ್ಲೂ ಬಾಯಿ ಕಟ್ಟಿದೆ. ಕೊನೆಗೆ ಮುದ್ದೆಯನ್ನೂ ಬಿಟ್ಟು ಅನ್ನ ಮಜ್ಜಿಗೆಗೆ ಬಂದೆ. ಮಂಡ್ಯದಲ್ಲಿ ಹುಟ್ಟಿ ಮುದ್ದೆ ಬಿಟ್ಟವಳನ್ನು ಜನ ಹೇಗೆ ನೋಡುತ್ತಾರೆ ಎಂಬುದು ಇಲ್ಲಿಯವರಿಗೇ ಗೊತ್ತು. ನನ್ನ ಗಂಡ ಒಂದು ದಿನ ನನ್ನ ತಟ್ಟೆ ನೋಡಿ "ನಿನ್ಗಿಂತ ಆಸ್ಪತ್ರೇಲಿರೋರೇ ಚೆನ್ನಾಗಿ ಉಣ್ತಾರೆ" ಎಂದ. ಅವನಿಗೂ ಹೆದರಿಕೆಯಾಗಿತ್ತು, ಅದು ಆ ರೀತಿ ಹೊರಗೆ ಬಂತು.

ಇಷ್ಟು ಮಾಡಿದರೂ ಹೊಟ್ಟೆ ಕೆಡುವುದು ನಿಲ್ಲಲಿಲ್ಲ. ಆಗ ನನಗೆ ಒಂದು ವಿಷಯ ಹೊಳೆಯಿತು. ನಾನೇ ಅಡುಗೆ ಮಾಡಿಕೊಂಡು ಉಂಡ ದಿನ ಏನೂ ಆಗುವುದಿಲ್ಲ. ಅತ್ತೆ ಮಾಡಿದ ದಿನವೇ ಆಗುವುದು.

ಈಗ ಇದನ್ನು ಓದುವವರಿಗೆ ನಗು ಬರಬಹುದು. ಆ ದಿನಗಳಲ್ಲಿ ನಾನು ಮುಟ್ಟಾಗಿರುತ್ತಿದ್ದೆನಲ್ಲ, ಅದು ಕಾಣಲಿಲ್ಲವೇ? ಕಾಣಲಿಲ್ಲ. ಮುಟ್ಟಾದಾಗ ಹೊಟ್ಟೆ ನೋಯುತ್ತದೆ, ಅದು ಎಲ್ಲರಿಗೂ ನೋಯುತ್ತದೆ, ಅದನ್ನು ಕಾಯಿಲೆ ಎನ್ನುವುದಿಲ್ಲ ಎಂದು ಚಿಕ್ಕಂದಿನಿಂದ ಕೇಳಿ ಬೆಳೆದವಳು ನಾನು. ನನಗೆ ತಿಂಗಳು ಸರಿಯಾಗಿ ಬರುವುದೂ ಇಲ್ಲ, ಒಂದು ಸಲ ಬೇಗ, ಒಂದು ಸಲ ತಡ. ಭೇದಿ ಅಂದರೆ ಊಟದ್ದು, ಊಟ ಅಂದರೆ ಒಲೆಯದ್ದು, ಒಲೆಯ ಮುಂದೆ ಆ ದಿನ ಇರುತ್ತಿದ್ದವರು ಅತ್ತೆ. ನನ್ನ ಲೆಕ್ಕ ಅಲ್ಲಿಗೆ ನಿಂತಿತ್ತು. ಅವರು ಎಣ್ಣೆ ಹೆಚ್ಚು ಹಾಕುತ್ತಾರೇನೋ, ಹುಣಸೆಹಣ್ಣು ಹಳೆಯದೇನೋ ಎಂದು ಅಂದುಕೊಂಡು ಒಂದೆರಡು ಸಲ ಹೇಳಿಯೂ ನೋಡಿದೆ. ಅತ್ತೆ ಪಾಪ ಎಣ್ಣೆ ಕಡಿಮೆ ಮಾಡಿದರು, ಹೊಸ ಹುಣಸೆಹಣ್ಣು ತರಿಸಿದರು, ಉಪ್ಪುಸಾರಿಗೆ ಕಾರವನ್ನೇ ಹಾಕದೆ ಬಡಿಸಿದರು. ಆದರೂ ನಾನು ಓಡುತ್ತಲೇ ಇದ್ದೆ.

ಮದ್ದೂರಿನಲ್ಲಿ ನನ್ನ ಅವ್ವ ಇದ್ದಾಳೆ. ಅವಳ ಹತ್ತಿರ ಇದನ್ನು ಬಾಯಿ ತಪ್ಪಿ ಹೇಳಿದೆ. ಅವಳು ಸೊಪ್ಪು ಸೋಸುತ್ತಿದ್ದವಳು ಕೈ ನಿಲ್ಲಿಸಿದಳು.

"ಯಾವಾಗಾಯ್ತದೆ ಅಂದೆ?"

"ಅವ್ರು ಅಡುಗೆ ಮಾಡಿದಾಗ."

"ಇದು ಎಣ್ಣೆ ಉಣಸೆಅಣ್ಣಿಂದಲ್ಲ ಕಣೆ. ನಾನ್ ಏಳ್ತೀನಿ ಕೇಳು. ನಿಮ್ಮತ್ತೆ ನಿಂಗೆ ಮದ್ದಿಕ್ಕವ್ಳೆ."

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇರೆಯವರಿಗೆ ಹೇಳುತ್ತೇನೆ. ಆಗದವರು ಊಟದಲ್ಲಿ ಏನನ್ನೋ ಬೆರೆಸಿ ಇಕ್ಕಿದರೆ ಅದು ಹೊಟ್ಟೆಯೊಳಗೆ ಕೂತು ಮನುಷ್ಯರನ್ನು ಒಣಗಿಸುತ್ತದೆ ಎಂಬ ನಂಬಿಕೆ ಇದೆ. ಅದನ್ನು ತೆಗೆಯುವವರೂ ಇದ್ದಾರೆ. ಸೊಪ್ಪಿನ ರಸ ಕುಡಿಸಿ ಕಕ್ಕಿಸುತ್ತಾರೆ. ನಾನು ಬೇಡ ಎಂದೆ, ಅಂಥವರಲ್ಲ ನಮ್ಮ ಅತ್ತೆ ಎಂದೆ. ಅವ್ವ ಕೇಳಲಿಲ್ಲ. ಅವಳ ಕಣ್ಣಿನಲ್ಲಿ ನೀರು ಬಂತು. ಮೈಯಲ್ಲಿ ಶಕ್ತಿಯಿಲ್ಲದ ದಿನ ಅವ್ವ ಅತ್ತರೆ ಯಾರು ತಡೆದುಕೊಳ್ಳುತ್ತಾರೆ? ಹೋದೆ. ಆ ಮನುಷ್ಯ ಹಸಿರು ರಸ ಕುಡಿಸಿದ. ಕರುಳು ಕಿತ್ತು ಬರುವಂತೆ ಕಕ್ಕಿದೆ. ಕಡ್ಡಿಯಿಂದ ಕೆದಕಿ ಏನೋ ಕಪ್ಪಗಿನ ಚೂರು ತೋರಿಸಿ "ಮನೆ ಒಳಗ್ನೋರೇ ಇಕ್ಕಿರೋದು" ಎಂದ. ಅದು ನಾನು ಬೆಳಿಗ್ಗೆ ತಿಂದ ಒಗ್ಗರಣೆಯ ಸೀದ ಕರಿಬೇವು ಎಂದು ನನಗೆ ಖಂಡಿತ ಗೊತ್ತಿತ್ತು. ಅವ್ವನಿಗೆ ಅಷ್ಟೇ ಸಾಕಾಯಿತು.

ಅವ್ವ ಯಾರಿಗೆ ಹೇಳಿದಳೋ, ಅವರು ಯಾರಿಗೆ ಹೇಳಿದರೋ. ಈ ಕಡೆ ಮಾತು ಓಡಾಡುವುದೇ ಬಸ್ಸಿನಲ್ಲಿ. ನನ್ನ ಬಸ್ಸಿನಲ್ಲೇ ಬಂದಿರಬೇಕು, ಅದಕ್ಕೂ ನಾನೇ ಫ್ರೀ ಟಿಕೆಟ್ ಕೊಟ್ಟಿರಬೇಕು. ಊರಿನಲ್ಲಿ ಒಂದು ಮನೆಯಲ್ಲಿ ನಾಮಕರಣ ಇತ್ತು. ಅತ್ತೆ ಎಂದಿನಂತೆ ಹಿಂದಿನ ದಿನವೇ ಹೋಗಿ ಅಡುಗೆಯ ಹತ್ತಿರ ನಿಂತರು. ಯಾರೂ ಅವರ ಕೈಗೆ ಸೌಟು ಕೊಡಲಿಲ್ಲ. "ನೀವ್ ಕೂತ್ಕಳಿ ಪುಟ್ತಾಯಮ್ಮ, ನಾವ್ ನೋಡ್ಕತೀವಿ" ಎಂದರಂತೆ. ಅತ್ತೆ ಊಟ ಮಾಡದೆ ಮನೆಗೆ ಬಂದರು. ನನ್ನನ್ನು ಏನೂ ಕೇಳಲಿಲ್ಲ, ಬಯ್ಯಲೂ ಇಲ್ಲ. ಬಯ್ದಿದ್ದರೆ ಚೆನ್ನಾಗಿತ್ತು, ನಾನೂ ಎರಡು ಮಾತು ತಿರುಗಿ ಆಡಿ ಮುಗಿಸುತ್ತಿದ್ದೆ.

ಮುಂದಿನ ಸಲ ನಾನು ಮುಟ್ಟಾದಾಗ ಅತ್ತೆ ಅಡುಗೆ ಮಾಡಿ, ಪಡಸಾಲೆಯಲ್ಲಿ ನನ್ನ ತಟ್ಟೆಯ ಎದುರು ತಮ್ಮ ತಟ್ಟೆಯನ್ನೂ ಇಟ್ಟುಕೊಂಡರು. ಮನೆಯಲ್ಲಿ ಎಲ್ಲರದೂ ಆದ ಮೇಲೆ ಉಣ್ಣುವವರು ಅವರು. ಆ ದಿನ ಮೊದಲು ತಾವು ಬಡಿಸಿಕೊಂಡು, ಮುದ್ದೆ ಮುರಿದು ಸಾರಿಗೆ ಅದ್ದಿ, ನನ್ನ ಮುಖ ನೋಡುತ್ತಾ ನುಂಗಿದರು. ಆಮೇಲೆ ಅದೇ ಪಾತ್ರೆಯಿಂದ ನನಗೆ ಬಡಿಸಿದರು. ಯಾಕೆ ಹೀಗೆ ಮಾಡಿದರು ಎಂಬುದು ನನಗೆ ಗೊತ್ತಾಯಿತು. ನಾಚಿಕೆಯಾಯಿತು, ದುಃಖವಾಯಿತು, ತಲೆ ತಗ್ಗಿಸಿ ಉಂಡೆ. ಮಾರನೆಯ ದಿನ ಹೊಟ್ಟೆ ಮತ್ತೆ ಕೆಟ್ಟಿತು. ನಾನು ಹಿತ್ತಲ ಕಡೆ ಓಡುವುದನ್ನು ಅವರು ಕೊಟ್ಟಿಗೆಯಲ್ಲಿ ನಿಂತು ನೋಡಿದರು.

ಶಿವರಾಜು ಇಬ್ಬರ ನಡುವೆ ಸಿಕ್ಕಿಕೊಂಡ. ಅವನು ಕಡೆಗೆ ಮಳವಳ್ಳಿಯಲ್ಲಿ ಡಿಪೋ ಹತ್ತಿರ ಒಂದು ಬಾಡಿಗೆ ಮನೆ ನೋಡಿಕೊಂಡು ಬಂದ. ಮಗಳ ಪರೀಕ್ಷೆ ಮುಗಿದ ಮೇಲೆ ನಾವು ಮೂವರೂ ಅಲ್ಲಿಗೆ ಹೋಗುವುದು ಎಂದಾಯಿತು. ಹೊಲ ಗದ್ದೆ ನೋಡಲು ಅವನು ದಿನಾ ಬಂದು ಹೋಗುವುದೆಂದೂ ಆಯಿತು. ಅತ್ತೆಗೆ ಹೇಳಿದಾಗ "ಓಗಿ. ಅಲ್ಲಾದ್ರೂ ಅವ್ಳ ಒಟ್ಟೆ ಸರಿಯಾಗ್ಲಿ" ಎಂದರು. ಹೀಗೆ ಹೋದರೆ ಅತ್ತೆ ಮದ್ದಿಕ್ಕಿದ್ದು ನಿಜ ಎಂದು ನಾವೇ ಊರಿಗೆ ಸಾರಿದಂತಾಗುತ್ತದೆ ಎಂಬುದು ಮೂವರಿಗೂ ಗೊತ್ತಿತ್ತು. ಆದರೂ ನಾನು ಬೇಡ ಎನ್ನಲಿಲ್ಲ. ನನಗೆ ಹೊಟ್ಟೆ ನಿಂತರೆ ಸಾಕಾಗಿತ್ತು.

ಅಷ್ಟರಲ್ಲಿ ಮಳವಳ್ಳಿಯ ಡಾಕ್ಟರು, ತೂಕ ಇಳಿಯುತ್ತಿದೆ, ಒಂದು ಸಲ ಮಂಡ್ಯದಲ್ಲಿ ಕರುಳಿನ ಸ್ಪೆಷಲಿಸ್ಟಿಗೆ ತೋರಿಸಿಬಿಡಿ ಎಂದು ಚೀಟಿ ಬರೆದುಕೊಟ್ಟರು. ಆ ಡಾಕ್ಟರ್ ಹೆಂಗಸು ಎಂದು ಕೇಳಿ ಅರ್ಧ ಧೈರ್ಯ ಬಂತು. ಮೊದಲ ಸಲ ಗಂಡನ ಜೊತೆ ಹೋದೆ. ರಕ್ತ, ಮಲ, ಸ್ಕ್ಯಾನಿಂಗು, ಎಲ್ಲ ಬರೆದರು. ಕೊನೆಗೆ ಕೊಲೊನೋಸ್ಕೋಪಿ, ಕ್ಯಾಮೆರಾ ಹಾಕಿ ಕರುಳಿನ ಒಳಗೆ ನೋಡುವುದು. ಅದರ ಹಿಂದಿನ ದಿನ ಬಕೆಟ್ಟಿನಷ್ಟು ಉಪ್ಪುಪ್ಪು ನೀರು ಕುಡಿಯಬೇಕು, ಕರುಳು ತೊಳೆದುಹೋಗುವ ತನಕ. ಅದನ್ನು ಕುಡಿಯುವಾಗ ನನಗೆ ನಗು ಬಂತು. ಇಷ್ಟು ವರ್ಷ ಪುಕ್ಕಟೆಯಾಗಿ ಆಗುತ್ತಿದ್ದುದಕ್ಕೆ ಈಗ ಔಷಧಿ ಕುಡಿಯುತ್ತಿದ್ದೇನಲ್ಲ ಎಂದು.

ರಿಪೋರ್ಟ್ ಬರುವ ತನಕದ ದಿನಗಳಲ್ಲಿ ನಾನು ಕ್ಯಾನ್ಸರ್ ಎಂಬ ಮಾತನ್ನು ಒಂದು ಸಲವೂ ಬಾಯಿಯಲ್ಲಿ ಆಡಲಿಲ್ಲ. ಮನಸ್ಸಿನಲ್ಲಿ ಬೇರೆ ಏನೂ ಇರಲಿಲ್ಲ. ಮಗಳ ಜಡೆ ಹಾಕುವಾಗ ಇವಳಿಗೆ ತಾನೇ ಹಾಕಿಕೊಳ್ಳುವುದನ್ನು ಬೇಗ ಕಲಿಸಬೇಕು ಎಂದುಕೊಳ್ಳುತ್ತಿದ್ದೆ.

ರಿಪೋರ್ಟಿನ ದಿನ ಶಿವರಾಜು ಬರುವ ಹಾಗಿರಲಿಲ್ಲ. ಕಬ್ಬು ಕಡಿಯುವ ಆಳುಗಳು ಅವತ್ತೇ ಬಂದಿದ್ದರು, ಬಿಟ್ಟರೆ ಮತ್ತೆ ಸಿಕ್ಕುವುದಿಲ್ಲ. ಒಬ್ಬಳೇ ಹೋಗುತ್ತೇನೆ ಎಂದು ಚಪ್ಪಲಿ ಮೆಟ್ಟುವಾಗ ಅತ್ತೆ ಮಡಿಸಿಟ್ಟ ಸೀರೆ ಉಟ್ಟುಕೊಂಡು ಹೊರಗೆ ಬಂದರು. "ನಾನೂ ಬತ್ತೀನಿ ನಡಿ" ಎಂದರು. ಇಬ್ಬರೂ ಹೊರಟೆವು.

ಕ್ಲಿನಿಕ್ಕಿನಲ್ಲಿ ಕುರ್ಚಿಗಳೆಲ್ಲ ತುಂಬಿದ್ದವು. ಗೋಡೆಯ ಟಿವಿಯಲ್ಲಿ ಶಬ್ದವಿಲ್ಲದೆ ಧಾರಾವಾಹಿ ಓಡುತ್ತಿತ್ತು. ಹೊಟ್ಟೆಯ ಡಾಕ್ಟರ ಹತ್ತಿರ ಕಾಯುವವರು ಒಬ್ಬರ ಮುಖ ಒಬ್ಬರು ನೋಡುವುದಿಲ್ಲ. ಎಲ್ಲರ ಕಣ್ಣೂ ಟಾಯ್ಲೆಟ್ಟಿನ ಬಾಗಿಲಿನ ಮೇಲೆ. ಒಬ್ಬ ಅಜ್ಜ ಪರೀಕ್ಷೆಗೆ ತಂದ ಡಬ್ಬಿಯನ್ನು ಮೂರು ಕವರಿನಲ್ಲಿ ಸುತ್ತಿ, ಮೇಲೆ ಟವಲ್ ಮುಚ್ಚಿ, ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡಿದ್ದ. ಅತ್ತೆ ನನ್ನ ಪಕ್ಕದ ಕುರ್ಚಿ ಖಾಲಿಯಾದರೂ ಅಲ್ಲಿ ಕೂರದೆ ಅದರ ಆಚೆಯದರಲ್ಲಿ ಕೂತರು. ನಮ್ಮಿಬ್ಬರ ನಡುವೆ ನನ್ನ ಸ್ಕ್ಯಾನಿಂಗ್ ಕವರು ಇತ್ತು.

ಒಳಗೆ ಡಾಕ್ಟರ್ ಎಲ್ಲ ಕಾಗದ ತಿರುವಿ ನೋಡಿ "ಎಲ್ಲ ನಾರ್ಮಲ್ ಇದೆ. ಹೆದರೋ ಅಂಥದ್ದು ಏನೂ ಇಲ್ಲ" ಎಂದರು. ಎದೆಯ ಮೇಲಿದ್ದ ಭಾರ ಇಳಿಯಿತು. ಅದರ ಹಿಂದೆಯೇ ಸಿಟ್ಟೂ ಬಂತು. ಎಲ್ಲ ಸರಿಯಿದ್ದರೆ ನಾನು ಓಡುವುದೇಕೆ? ನಾನೇನು ನಾಟಕ ಆಡುತ್ತಿದ್ದೇನೆಯೇ? ಕೇಳಿಯೇಬಿಟ್ಟೆ.

"ನಾಟಕ ಅಂತ ಯಾರಂದ್ರು? ಕರುಳಲ್ಲಿ ಗಾಯ ಇಲ್ಲ ಅಂದೆ ಅಷ್ಟೆ. ಅದು ಕೆಲಸ ಮಾಡೋ ರೀತಿಯಲ್ಲಿ ತೊಂದರೆ ಇರಬಹುದು. ಯಾವಾಗ ಜಾಸ್ತಿ ಆಗುತ್ತೆ? ನೆನಪು ಮಾಡ್ಕೊಂಡು ಹೇಳಿ."

ಪಕ್ಕದಲ್ಲಿ ಅತ್ತೆ ಕೂತಿದ್ದಾರೆ. ಏನೆಂದು ಹೇಳಲಿ?

"ನಾನ್ ಅಡ್ಗೆ ಮಾಡ್ದಾಗ" ಎಂದರು ಅತ್ತೆ.

ಡಾಕ್ಟರ್ ಅವರ ಕಡೆ ತಿರುಗಿದರು.

"ಅವ್ಳು ಏಳಕ್ಕಿಲ್ಲ ಡಾಕ್ಟ್ರವ್ವ, ನನ್ ಮೊಕ ನೋಡ್ಕಂಡು ಎಂಗೆ ಏಳ್ತಾಳೆ? ಅದ್ಕೇ ನಾನ್ ಬಂದಿರಾದು. ನಾನ್ ಮಾಡಿದ್ದ ಉಂಡಾಗ್ಲೆಲ್ಲ ಇವ್ಳಿಗೆ ಇಂಗಾಯ್ತದೆ. ಅವ್ಳೇ ಮಾಡ್ಕಂಡು ಉಂಡ್ರೆ ಏನೂ ಆಗಕ್ಕಿಲ್ಲ. ನಾನೇನೂ ಆಕಿಲ್ಲ, ದ್ಯಾವ್ರಾಣೆ. ಎಣ್ಣೆ ಬುಟ್ಟೆ, ಕಾರ ಬುಟ್ಟೆ, ಕೈಯ ಸೋಪಾಕಿ ತೊಳ್ಕಂಡು ಮಾಡ್ದೆ. ಆದ್ರೂ ಆಯ್ತದೆ. ನನ್ ಕೈಯಾಗೇ ಏನಾರ ಅದಾ ನೋಡಿ."

ಹೀಗೆಂದು ಅತ್ತೆ ತಮ್ಮ ಎರಡು ಕೈಗಳನ್ನೂ ಡಾಕ್ಟರ ಮೇಜಿನ ಮೇಲೆ ಚಾಚಿದರು. ಸಗಣಿ, ಹುಲ್ಲು, ಕಳೆ ಎಂದು ಒರಟಾದ ಕೈಗಳು. ನನಗೆ ಅಳು ತಡೆಯಲಾಗಲಿಲ್ಲ. ಊರು ಅವರನ್ನು ಅನುಮಾನಿಸಿದ್ದು ಗೊತ್ತಿತ್ತು. ಅವರೇ ತಮ್ಮನ್ನು ಅನುಮಾನಿಸಿಕೊಳ್ಳುತ್ತಿದ್ದಾರೆ ಎಂದು ನನಗೆ ಗೊತ್ತಿರಲಿಲ್ಲ.

ಡಾಕ್ಟರ್ ಅವಸರ ಮಾಡಲಿಲ್ಲ. "ನೀವು ದಿನಾ ಅಡುಗೆ ಮಾಡಲ್ವಾ ಅಮ್ಮಾ?" ಎಂದರು.

"ಇಲ್ಲ, ದಿನಾ ಇವ್ಳೆಯ. ನಾನು ದನ ಕರ, ಗದ್ದೆ ನೋಡ್ಕತೀನಿ."

"ಮತ್ತೆ ಯಾವಾಗ ಮಾಡ್ತೀರಿ?"

ಅತ್ತೆ ದನಿ ತಗ್ಗಿಸಿದರು. "ಇವ್ಳು ಒರಗಾದಾಗ."

ಡಾಕ್ಟರ್ ಪೆನ್ನು ಕೆಳಗಿಟ್ಟರು. ನನ್ನನ್ನು ನೋಡಿದರು. "ಮುಟ್ಟಾಗೋಕೆ ಮುಂಚೆ ಒಂದು ವಾರ ಹೊಟ್ಟೆ ಉಬ್ಬಿ, ಮಲ ಕಟ್ಟಿಕೊಳ್ಳುತ್ತಾ?" ಎಂದರು. ಹೌದು ಎಂದೆ. "ಮುಟ್ಟು ಶುರುವಾದ ಕೂಡಲೇ ಸಡಿಲ ಆಗುತ್ತಾ?" ಹೌದು ಎಂದೆ. ಹೇಳುತ್ತಾ ಹೇಳುತ್ತಾ ಹಿಂದಿನ ತಿಂಗಳುಗಳನ್ನು ಬೆರಳಿನಲ್ಲಿ ಎಣಿಸತೊಡಗಿದೆ.

"ಅಮ್ಮಾ" ಎಂದು ಅವರು ಅತ್ತೆಯ ಕೈಗಳನ್ನು ನಿಧಾನವಾಗಿ ಹಿಂದಕ್ಕೆ ಸರಿಸಿದರು. "ಇವರಿಗೆ ತೊಂದರೆ ಕೊಡ್ತಿರೋದು ನಿಮ್ಮ ಅಡುಗೆ ಅಲ್ಲ. ನಿಮ್ಮನ್ನ ಆವತ್ತು ಒಲೆ ಮುಂದೆ ಕೂರಿಸುತ್ತಲ್ಲ, ಆ ಮುಟ್ಟೇ ಕೊಡ್ತಿರೋದು."

ಮುಟ್ಟಿಗೆ ಮುಂಚಿನ ದಿನಗಳಲ್ಲಿ ಮೈಯಲ್ಲಿ ಏರುವ ಹಾರ್ಮೋನು ಕರುಳನ್ನು ನಿಧಾನ ಮಾಡುತ್ತದಂತೆ. ಮುಟ್ಟು ಬರುವಾಗ ಅದು ಇಳಿದುಹೋಗುತ್ತದೆ. ಆಗ ಗರ್ಭಕೋಶ ಹಿಂಡಿಕೊಳ್ಳಲೆಂದು ಮೈ ಒಂದು ರಸ ಬಿಡುತ್ತದೆ, ಅದು ಪಕ್ಕದ ಕರುಳನ್ನೂ ಹಿಂಡುತ್ತದೆ. ಬಹಳ ಹೆಂಗಸರಿಗೆ ಇದು ಸ್ವಲ್ಪ ಸ್ವಲ್ಪ ಆಗುವುದೇ. ನನ್ನ ಕರುಳು ಮೊದಲೇ ಸೂಕ್ಷ್ಮ, ಅದಕ್ಕೆ ಐಬಿಎಸ್ ಎಂದು ಹೆಸರು. ಆದ್ದರಿಂದ ನನಗೆ ಹೆಚ್ಚು.

ಅತ್ತೆ ಹುಬ್ಬು ಗಂಟಿಕ್ಕಿ ಕೇಳುತ್ತಿದ್ದರು. "ಪಕ್ಕದ್ ಗದ್ದೆಗ್ ಬುಟ್ಟ ನೀರು ನಮ್ ಗದ್ದೆಗೂ ನುಗ್ತದಲ್ಲ, ಅಂಗಾ?" ಎಂದರು.

"ಹಾಗೇ" ಎಂದರು ಡಾಕ್ಟರ್.

ಈಗ ನಾನು ಹೇಗಿದ್ದೇನೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಕಾಯಿಲೆ ಪೂರ್ತಿ ಹೋಗಿಲ್ಲ, ಹೋಗುವಂಥದ್ದೂ ಅಲ್ಲವಂತೆ. ಆದರೆ ಅದು ಬರುವ ದಾರಿ ಗೊತ್ತಿದೆ. ಹೊಟ್ಟೆ ಉಬ್ಬುವ ದಿನಗಳಲ್ಲಿ ಇಸಬಗೋಲು ಕುಡಿಯುತ್ತೇನೆ, ನೀರು ಹೆಚ್ಚು ಕುಡಿಯುತ್ತೇನೆ. ಮುಟ್ಟಿನ ಸೂಚನೆ ಕಂಡ ಕೂಡಲೇ ಊಟ ಮಾಡಿ, ಡಾಕ್ಟರ್ ಕೊಟ್ಟ ಹಿಂಡುವ ನೋವಿನ ಮಾತ್ರೆ ನುಂಗುತ್ತೇನೆ. ನನ್ನ ಮಾತ್ರೆ ನನಗೆ, ನಿಮ್ಮದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ನೋವು ದಿನದಿಂದ ದಿನಕ್ಕೆ ಹೆಚ್ಚುತ್ತಿದ್ದರೆ, ಮಲದಲ್ಲಿ ರಕ್ತ ಕಂಡರೆ, ತೂಕ ಇಳಿದರೆ ಬೇರೆ ಕಾರಣವೂ ಇರಬಹುದು, ನಾಚಿಕೊಂಡು ಕೂರಬೇಡಿ. ಮುದ್ದೆ ತಿರುಗಿ ಶುರು ಮಾಡಿದ್ದೇನೆ. ಬೇಳೆ ಕಾಳು ಆ ವಾರ ಮಾತ್ರ ಕಡಿಮೆ. ಡಿಪೋದಲ್ಲಿ ಡ್ಯೂಟಿ ಬರೆಯುವವರಿಗೆ ನಾನೇ ನೇರವಾಗಿ ಹೇಳಿದೆ, ಆ ದಿನ ನನಗೆ ದೂರದ ರೂಟು ಹಾಕಬೇಡಿ ಎಂದು. ಅವರ ಮುಖ ಕೆಂಪಾಯಿತು, ನನ್ನದು ಆಗಲಿಲ್ಲ.

ಇದು ಅಡುಗೆಯದಲ್ಲ, ಮುಟ್ಟಿನದು ಎಂಬ ತಿಳಿವಳಿಕೆ ನನಗೆ ಆ ಡಾಕ್ಟರ ಕೋಣೆಯಲ್ಲೇ ಬಂತು. ಅತ್ತೆಗೆ ಬರಲಿಲ್ಲ. ಮಂಡ್ಯದಿಂದ ವಾಪಸ್ಸು ಬರುವಾಗ ಬಸ್ಸಿನ ಕಿಟಕಿಯ ಪಕ್ಕ ಕೂತು ತಮ್ಮ ಅಂಗೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದರು. ಮದ್ದೂರು ದಾಟಿದ ಮೇಲೆ "ಒಳ್ಳೆ ಎಂಗ್ಸು ಕಣವ್ವ ಆ ಡಾಕ್ಟ್ರು. ನನ್ ಮನ್ಸು ನೋಯ್ಬಾರ್ದು ಅಂತ ಅಂಗೇಳುದ್ರು" ಎಂದರು.

"ಇಲ್ಲ ಅತ್ತೆ, ಅವರು ನಿಜವನ್ನೇ ಹೇಳಿದ್ದು."

"ಬುಡು. ನೀನೂ ಅಂಗೇ ಏಳ್ತೀಯ ಈಗ."

ನಾನು ಎಷ್ಟು ಹೇಳಿದರೂ ಅವರು ತಲೆ ಆಡಿಸಿ ಕಿಟಕಿಯ ಕಡೆ ತಿರುಗಿದರು. ಮನೆಗೆ ಬಂದ ಮೇಲೆ ಶಿವರಾಜು ಕೇಳಿ "ಸರಿಹೋಯ್ತಲ್ಲ, ಇನ್ನೇನವ್ವ?" ಎಂದ. ಅವರಿಗೆ ಸರಿಹೋಗಿರಲಿಲ್ಲ. ಬಾಡಿಗೆ ಮನೆಯ ಮಾತು ಹಾಗೇ ನಿಂತಿತ್ತು. "ನೀವ್ ಓಗಾದೇ ಸರಿ" ಎಂದು ಈಗ ಅವರೇ ಹೇಳತೊಡಗಿದರು.

ಕೆಲವು ದಿನಗಳ ನಂತರ ನಾನು ಮುಟ್ಟಾದೆ. ಬೆಳಿಗ್ಗೆ ಎದ್ದು ಅತ್ತೆಗೆ ಹೇಳಿದೆ. ಅವರು ಎಂದಿನಂತೆ ಒಲೆಯ ಕಡೆ ಹೋಗಲಿಲ್ಲ. ದೇವರ ಗೂಡಿನ ಮುಂದೆ ನಿಂತು ಕೈ ಮುಗಿದು, ಪಟಗಳನ್ನು ಒಂದೊಂದಾಗಿ ತೆಗೆದರು. ದೀಪದ ಕಂಬ, ಕಳಶ, ಮನೆದೇವರ ಪಟ, ಎಲ್ಲವನ್ನೂ ಒಗೆದ ಪಂಚೆಯ ಮೇಲೆ ಇಟ್ಟು ಪಡಸಾಲೆಯ ಮೂಲೆಗೆ ಒಯ್ದು ಮಡಗಿದರು. ಶಿವರಾಜು ಬಾಯಿ ತೆರೆದು ನಿಂತಿದ್ದ.

"ಏನವ್ವ ಮಾಡ್ತಿದ್ದೀಯ?"

"ದ್ಯಾವ್ರು ಮೂರ್ ದಿನ ಇಲ್ಲಿರ್ಲಿ. ಅವ್ನ್ಗೂ ಒಸಿ ಗಾಳಿ ಬೇಕು." ಆಮೇಲೆ ನನ್ನ ಕಡೆ ತಿರುಗಿದರು. "ಇವತ್ತು ನೀನೇ ಮಾಡು ಅಡ್ಗೆ. ನಾನು ಒಲೆ ತಾವ ಬರಕ್ಕಿಲ್ಲ, ನೀರೂ ಮುಟ್ಟಕ್ಕಿಲ್ಲ. ನಿನ್ ಕೈಯಾರೆ ಮಾಡ್ಕಂಡು ಉಣ್ಣು. ಆಗ್ಲೂ ಒಟ್ಟೆ ಕೆಟ್ರೆ ಡಾಕ್ಟ್ರು ಏಳಿದ್ದು ದಿಟ. ಕೆಡ್ದೆ ಓದ್ರೆ, ನೀವು ಮಳವಳ್ಳಿಗೆ ಓಗಿ."

ಈ ಮನೆಗೆ ಬಂದು ಅಷ್ಟು ವರ್ಷವಾಗಿತ್ತು. ಮುಟ್ಟಿನ ದಿನಗಳಲ್ಲಿ ಅಡುಗೆಮನೆಯ ಹೊಸಿಲು ದಾಟಿರಲಿಲ್ಲ. ದಾಟುವಾಗ ನನ್ನ ಕಾಲೇ ಹಿಂದೆ ಎಳೆಯಿತು. ಅತ್ತೆ ತಮ್ಮ ಅತ್ತೆಯಿಂದ, ಆ ಅತ್ತೆ ಅವರ ಅತ್ತೆಯಿಂದ ಕಲಿತು ನಡೆಸಿಕೊಂಡು ಬಂದದ್ದನ್ನು ನನ್ನ ಹೊಟ್ಟೆಗೋಸ್ಕರ ಮುರಿಯುತ್ತಿದ್ದರು. ಉಪ್ಪುಸಾರು ಮಾಡಿದೆ, ಮುದ್ದೆ ಮಾಡಿದೆ. ಅತ್ತೆ ಪಡಸಾಲೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ಡಾಕ್ಟರ್ ಕೊಟ್ಟ ಮಾತ್ರೆಯನ್ನು ನುಂಗದೆ ಪರ್ಸಿನಲ್ಲೇ ಇಟ್ಟುಕೊಂಡೆ. ಅದು ತಪ್ಪು, ನೀವು ಹಾಗೆ ಮಾಡಬೇಡಿ. ಆವತ್ತು ನನಗೆ ಬೇರೆ ದಾರಿ ಕಾಣಲಿಲ್ಲ.

ಎಲ್ಲರೂ ಉಂಡೆವು. ರಜೆ ಹಾಕಿದ್ದೆ. ಎಂದಾದರೂ ಯಾರಾದರೂ ಹೊಟ್ಟೆ ಕೆಡಲಿ ಎಂದು ಕಾದು ಕೂತಿರುತ್ತಾರೆಯೇ? ನಾನು ಕಾದೆ. ಮಧ್ಯಾಹ್ನ ಕಳೆಯಿತು, ಏನೂ ಆಗಲಿಲ್ಲ. ಸಂಜೆಯೂ ಆಗಲಿಲ್ಲ. ಹಾಲು ಕರೆದು ಬಂದ ಅತ್ತೆ ನನ್ನ ಮುಖ ನೋಡಿದರು, ನಾನು ತಲೆ ಅಡ್ಡ ಆಡಿಸಿದೆ. ಅವರು ಹಾಲಿನ ಚೊಂಬನ್ನು ನನ್ನ ಮುಂದೆ ಇಟ್ಟು ಹೋದರು. ಆ ಮುಖ ನನಗೆ ಇವತ್ತಿಗೂ ಮರೆಯುವುದಿಲ್ಲ. ರಾತ್ರಿ ಊಟವನ್ನೂ ನಾನೇ ಮಾಡಿದೆ. ಅತ್ತೆ ಎರಡು ತುತ್ತು ಉಂಡು ಎದ್ದರು.

ಬೆಳಿಗ್ಗೆ ಮಗಳಿಗೆ ಉಪ್ಪಿಟ್ಟು ಕೆದಕುತ್ತಿದ್ದೆ. ಕಿಬ್ಬೊಟ್ಟೆಯಲ್ಲಿ ಆ ಹಳೆಯ ಹಿಂಡುವಿಕೆ ಬಂತು. ಸೌಟು ಅಲ್ಲೇ ಬಿಟ್ಟು ಹಿತ್ತಲ ಕಕ್ಕಸಿಗೆ ಓಡಿದೆ. ಬಾಗಿಲು ಹಾಕಿಕೊಂಡು ಕೂತೆ. ನೋವಿನಲ್ಲಿ ಕಣ್ಣು ಕತ್ತಲೆ ಬರುತ್ತಿತ್ತು, ಆದರೂ ಮನಸ್ಸಿಗೆ ಇಷ್ಟು ಸಂತೋಷ ಎಂದೂ ಆಗಿರಲಿಲ್ಲ. ಹೊರಗಿನಿಂದ ಅತ್ತೆಯ ದನಿ ಕೇಳಿತು.

"ಬಂತೇನವ್ವಾ?"

"ಬಂತು ಅತ್ತೆ."

"ದಿಟವಾಗ್ಲೂ?"

"ಜೋರಾಗೇ ಬಂತು. ನೀರು ತನ್ನಿ."

ನಾನು ಹೊರಗೆ ಬಂದಾಗ ಅತ್ತೆ ನೀರಿನ ಬಿಂದಿಗೆ ಪಕ್ಕದಲ್ಲಿಟ್ಟುಕೊಂಡು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತಿದ್ದರು. ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು, ಒರೆಸಿದಷ್ಟೂ ಬರುತ್ತಿತ್ತು. "ನನ್ ಕೈಯಲ್ಲ ಕಣವ್ವ" ಎಂದರು. "ನನ್ ಕೈಯಲ್ಲ."

ನಾನು ಅವರ ಪಕ್ಕದಲ್ಲಿ ಕೂತು ಕೈ ಹಿಡಿದುಕೊಂಡೆ. ಮುಟ್ಟಿನ ದಿನಗಳಲ್ಲಿ ನಾವಿಬ್ಬರೂ ಒಬ್ಬರನ್ನೊಬ್ಬರು ಸೋಕಿದವರಲ್ಲ. ಅವರು ಕೈ ಬಿಡಿಸಿಕೊಳ್ಳಲಿಲ್ಲ. ಹಲ್ಲುಜ್ಜುತ್ತಾ ಅಂಗಳದಲ್ಲಿ ನಿಂತಿದ್ದ ಶಿವರಾಜು ಬಾಯಿ ಮುಕ್ಕಳಿಸಿ, ಫೋನು ತೆಗೆದು, ಮಳವಳ್ಳಿಯ ಬಾಡಿಗೆ ಮನೆಯ ಮಾಲೀಕರಿಗೆ ನಾವು ಬರುವುದಿಲ್ಲ ಎಂದು ಹೇಳಿದ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಮೂಗು ಒರೆಸಿಕೊಂಡು ಎದ್ದರು.

"ಓಗು, ಮಾತ್ರೆ ನುಂಗಿ ಒಸಿ ಮನಿಕ್ಕೊ" ಎಂದರು. "ಮದ್ಯಾನ್ನದ ಅಡ್ಗೆ ನಾನ್ ಮಾಡ್ತೀನಿ."